ಮೋರಳ ಮಗ

ಅಣ್ಣನ ಮಗ ಲಾಕ್ಲನ್ನನ ಹೆಂಡತಿ ತಂದುಕೊಟ್ಟ ಚೌಕಳಿ ಶಲ್ಯ ಬೆಳಗಿನಿಂದಲೂ ಅಡುಗೆಮನೆಯ ಕುರ್ಚಿಯ ಬೆನ್ನಿಗೆ ಜೋತುಬಿದ್ದಿತ್ತು. ಎಫೀ ಅದರ ಕಡೆ ನೋಡದೆ ಒಲೆಗೆ ಸೌದೆ ಹಾಕಿದಳು, ನೀರಿಟ್ಟಳು, ಓಟ್ಸ್ ಹಿಟ್ಟಿಗೆ ಕೊಬ್ಬು ಹಾಕಿ ಕಲಸಿದಳು. ಕಲಸಿದ ಮೇಲೆ, ಇವತ್ತು ನೀವೇನೂ ಮಾಡೋದು ಬೇಡ, ಊಟ ಪೇಟೆಯ ಹೋಟೆಲಿನಿಂದ ಬರುತ್ತೆ ಎಂದು ಲಾಕ್ಲನ್ನನ ಹೆಂಡತಿ ಹೇಳಿಹೋಗಿದ್ದು ನೆನಪಾಯಿತು. ಹಿಟ್ಟು ಬಿಸಾಡಲು ಮನಸ್ಸಾಗಲಿಲ್ಲ. ತಟ್ಟಿದಳು, ಬೇಯಿಸಿದಳು, ತಿನ್ನುವವರಿಲ್ಲದ ರೊಟ್ಟಿಗಳನ್ನು ಕಿಟಕಿಯ ಹಲಗೆಯ ಮೇಲೆ ಸಾಲಾಗಿ ಆರಲಿಟ್ಟಳು. ಶಲ್ಯ ಆಗಲೂ ಅಲ್ಲೇ ಇತ್ತು. ಹಳದಿ, ಹಸಿರು. ಸಮುದ್ರದಾಚೆಯ ಹಳೆಯ ದ್ವೀಪದ ಒಡೆಯರ ಮನೆತನದ ಬಣ್ಣವಂತೆ. ನಮ್ಮದೂ ಅದೇ ಬಣ್ಣ ಅಂತ ಈಗ ಗೊತ್ತಾಗಿದೆ ಎಂದಿದ್ದಳು ಅವಳು ಶಲ್ಯ ಕೊಡುವಾಗ, ಕಳೆದುಹೋದ ಬೀಗದ ಕೈ ಸಿಕ್ಕಿದ ಹಾಗೆ. ಎಫೀಯ ಅಜ್ಜ ಅಂಗಸ್ ಸಾಯುವವರೆಗೂ ಮೈಮೇಲೆ ಹಾಕಿದ್ದು ಒಂದೇ ಬಣ್ಣ, ಕುರಿಯ ಮೈಮೇಲೆ ಇದ್ದ ಬಣ್ಣ. ಆ ಬೂದಿ ಬಣ್ಣದ ಉಣ್ಣೆಗೆ ಮಳೆ ಬಂದರೆ ಒಂದು ವಾಸನೆ ಬರುತ್ತಿತ್ತು. ಈ ಶಲ್ಯಕ್ಕೆ ಯಾವ ವಾಸನೆಯೂ ಇರಲಿಲ್ಲ. ಅದಕ್ಕೇ ಎಫೀಗೆ ಇಷ್ಟು ಸಿಟ್ಟು ಬರುತ್ತಿದೆಯೋ ಏನೋ. ಸಿಟ್ಟು ಇಂಥ ಜಾಗದಲ್ಲಿ ಹುಟ್ಟಿತು ಎಂದು ಬೆರಳಿಟ್ಟು ತೋರಿಸಲು ಆಗುತ್ತಿರಲಿಲ್ಲ. ಒಂದೊಂದು ಸಲ ಮೊಣಕಾಲಿನಿಂದ ಬರುವ ಹಾಗೆ, ಒಂದೊಂದು ಸಲ ಒಲೆಯೊಳಗಿಂದಲೇ ಬರುವ ಹಾಗೆ ಅನಿಸುತ್ತಿತ್ತು.

ಮಧ್ಯಾಹ್ನ ಚರ್ಚಿನ ಮುಂದೆ, ಸರೋವರದ ದಂಡೆಯಲ್ಲಿ, ಮಕ್‌ಕುಯಿಷ್ ಮನೆತನದ ನೆನಪಿನ ಕಲ್ಲುಗುಪ್ಪೆಯ ಪರದೆ ತೆಗೆಯುವವರಿದ್ದರು. ಕಲ್ಲುಗಳ ನಡುವೆ ಕಂಚಿನ ಫಲಕ, ಫಲಕದ ಮೇಲೆ ಮನೆತನದ ಚರಿತ್ರೆ. ಪರದೆ ಎಳೆಯುವುದಕ್ಕೆ ಹಳೆಯ ದ್ವೀಪದ ಈಗಿನ ಒಡೆಯ ಸರ್ ಹೆಕ್ಟರ್ ವಿಮಾನದಲ್ಲಿ ಬಂದಿಳಿದಿದ್ದ. ಎಲೆ ಉದುರುವ ಹೊತ್ತಿಗೆ ಚುನಾವಣೆ. ಎಫೀಯ ಅಣ್ಣನ ಮಗ ಲಾಕ್ಲನ್ ಮೊದಲ ಸಲ ನಿಲ್ಲುತ್ತಿದ್ದ, ಅವನ ಅಪ್ಪ ಮರ್ಡೋ ನಿಂತು ಗೆದ್ದ ಜಾಗದಲ್ಲೇ. ಮರ್ಡೋ ಪ್ರಾಂತ್ಯದ ಮುಖ್ಯಮಂತ್ರಿಯಾಗಿ, ಆಮೇಲೆ ರಾಜಧಾನಿ ಒಟ್ಟಾವಾದಲ್ಲಿ ಸೆನೆಟರಾಗಿ, ಹಾಸಿಗೆಯ ಮೇಲೆ ಸುಖವಾಗಿ ಸತ್ತವನು. ಅದಕ್ಕೂ ಮೊದಲು ಮರ್ಡೋ, ಎಫೀ ಇಬ್ಬರ ಅಪ್ಪ ಅಲಸ್ಡೇರ್ ಹ್ಯಾಲಿಫ್ಯಾಕ್ಸಿನ ಶಾಸನಸಭೆಯಲ್ಲಿ ಈ ತಾಲ್ಲೂಕಿನ ಪರವಾಗಿ ಕೂತಿದ್ದ. ಈ ಕೇಪ್ ಬ್ರೆಟನ್ ಸೀಮೆಯಲ್ಲಿ ಕೆಂಪು ಪಕ್ಷ ಅಂದರೆ ಮಕ್‌ಕುಯಿಷರು. ಅವರ ಪಟಗಳೆಲ್ಲ ಹಜಾರದಲ್ಲಿ ಸಾಲಾಗಿವೆ. ಎಫೀ ಇರುವುದು ಒಂದೇ ಪಟದಲ್ಲಿ, ಮರ್ಡೋ ಪ್ರಮಾಣವಚನ ತೆಗೆದುಕೊಂಡ ದಿನದ್ದು. ಬಾಗಿಲ ಬಳಿ ಟೀ ಪಾತ್ರೆ ಹಿಡಿದು ನಿಂತಿದ್ದಾಳೆ. ಚೌಕಟ್ಟು ಹಾಕುವಾಗ ಅವಳ ಅರ್ಧ ಮುಖ ಮರದ ಕೆಳಗೆ ಹೋಗಿದೆ. ಮರ್ಡೋ ಓದಲು ಪಿಕ್ಟೌಗೆ ಹೊರಟ ವರ್ಷ ಅಮ್ಮ ಕಾಯಿಲೆ ಬಿದ್ದಳು, ಎಫೀ ಎರಡನೆಯ ಪುಸ್ತಕ ಮುಗಿಸದೆ ಶಾಲೆ ಬಿಟ್ಟು ಹಸುವಿನ ಕೆಳಗೆ ಕೂತಳು. ಅದಕ್ಕೆ ಅವಳು ಅತ್ತಿರಲಿಲ್ಲ. ಹಾಲು ಕರೆಯುವುದು ಅವಳಿಗೆ ಓದುವುದಕ್ಕಿಂತ ಚೆನ್ನಾಗಿ ಬರುತ್ತಿತ್ತು. ಆದರೆ ಆ ಅರ್ಧ ಮುಖದ ಪಟವನ್ನು ಒರೆಸುವಾಗಲೆಲ್ಲ ಬಟ್ಟೆಯನ್ನು ಅಲ್ಲಿ ಸ್ವಲ್ಪ ಒತ್ತಿ ಒರೆಸುತ್ತಿದ್ದಳು.

ಇವತ್ತು ಅವಳಿಂದ ಅವರಿಗೆ ಬೇಕಾದದ್ದು ಇಷ್ಟೇ: ಎದ್ದು ನಿಂತು, ಹಳೆಯ ದ್ವೀಪದಿಂದ ಬಂದ ಗೇಲಿಕ್ ಭಾಷೆಯಲ್ಲಿ, ಮನೆತನದ ಹೆಸರುಗಳನ್ನು ಹೇಳಿ ಕೂತುಕೊಳ್ಳುವುದು. ಇಂಥವನು ಇಂಥವನ ಮಗ, ಅವನು ಇಂಥವನ ಮಗ ಎಂದು ಮೇಲಕ್ಕೆ ಮೇಲಕ್ಕೆ ಹೋಗುವುದು. ಮೊದಲು ಊರಿನ ಪ್ರತಿ ಮನೆಯಲ್ಲೂ ಇದನ್ನು ಬಲ್ಲವರೊಬ್ಬರು ಇರುತ್ತಿದ್ದರು. ಹಾಗೆ ಹೇಳದಿದ್ದರೆ ಇಲ್ಲಿ ಯಾರು ಯಾರೆಂದು ತಿಳಿಯುವುದಾದರೂ ಹೇಗೆ, ಒಂದು ಕೊಲ್ಲಿಯ ಸುತ್ತ ಹನ್ನೊಂದು ಜನ ಡೊನಾಲ್ಡರಿದ್ದಾಗ. ಮಕ್‌ಕುಯಿಷ್ ಮನೆಯಲ್ಲಿ ಬಲ್ಲವಳು ಎಫೀ. ಅವಳ ಹೆಸರು ಆ ಸಾಲಿನಲ್ಲಿ ಎಂದೂ ಬರುವುದಿಲ್ಲ. ಹೆಣ್ಣುಮಕ್ಕಳ ಹೆಸರು ಬರುವುದಿಲ್ಲ, ಒಬ್ಬಳದನ್ನು ಬಿಟ್ಟು.

ಮೊನ್ನೆ ಟೀ ಹೊತ್ತಿಗೆ ಲಾಕ್ಲನ್ ಒಬ್ಬನೇ ಬಂದಿದ್ದ. ಜನರ ಮುಂದೆ ನೀವು ಎನ್ನುವವನು ಅಡುಗೆಮನೆಯಲ್ಲಿ ಈಗಲೂ ನೀನು ಎನ್ನುತ್ತಾನೆ. ಅದು ಅವಳಿಗೆ ಇಷ್ಟ, ಇಷ್ಟ ಎಂದು ಅವನಿಗೂ ಗೊತ್ತು. ಮೂರು ರೊಟ್ಟಿ ತಿಂದು, ಜೇಬಿನಿಂದ ಟೈಪು ಮಾಡಿದ ಹಾಳೆ ತೆಗೆದು ಬೆಣ್ಣೆಯ ಬಟ್ಟಲಿಗೆ ಒರಗಿಸಿಟ್ಟ. ಎಡಿನ್‌ಬರೋದ ವಿದ್ವಾಂಸರೊಬ್ಬರ ಕೈಲಿ ಮನೆತನದ ಚರಿತ್ರೆ ಬರೆಸಿದ್ದಾಯಿತು, ಎಲ್ಲ ನೀನು ಹೇಳಿದ ಹಾಗೇ ಇದೆ, ಒಂದೇ ಒಂದು ಹೆಸರು ಬದಲಾಗಿದೆ ಎಂದ. ಅವಳು ಕನ್ನಡಕ ಎಲ್ಲಿದೆಯೋ ಎಂದಳು. ಕನ್ನಡಕ ಅವಳ ಜೇಬಿನಲ್ಲೇ ಇತ್ತು. ಅವನೇ ಓದಿದ. ಲಾಕ್ಲನ್ ಮರ್ಡೋನ ಮಗ, ಮರ್ಡೋ ಅಲಸ್ಡೇರನ ಮಗ, ಅಲಸ್ಡೇರ್ ಅಂಗಸನ ಮಗ, ಅಂಗಸ್ ಕ್ಯಾಪ್ಟನ್ ಡೊನಾಲ್ಡನ ಮಗ.

"ಯಾವ ಡೊನಾಲ್ಡ್?" ಎಂದಳು ಎಫೀ.

ಒಡೆಯರ ಮನೆಯ ಕಿರಿಯ ಕವಲಿನವನು, ಪಲ್ಟಣದಲ್ಲಿದ್ದವನು, ಅಂಗಸಜ್ಜ ಹುಟ್ಟುವ ಹಿಂದಿನ ವರ್ಷ ರಜೆಯ ಮೇಲೆ ದ್ವೀಪಕ್ಕೆ ಬಂದಿದ್ದನಂತೆ, ಆಮೇಲೆ ಇಂಡಿಯಾಕ್ಕೆ ಹೋಗಿ ಜ್ವರದಲ್ಲಿ ಸತ್ತನಂತೆ. ಲಾಕ್ಲನ್ ಇದನ್ನೆಲ್ಲ ಎಷ್ಟು ಚೆನ್ನಾಗಿ ಹೇಳಿದನೆಂದರೆ ಎಫೀಗೆ ಒಂದು ಗಳಿಗೆ ಆ ಕ್ಯಾಪ್ಟನ್ನನ ಮೇಲೆ ಕನಿಕರ ಬಂತು, ಬಿಸಿಲಿನ ದೇಶದಲ್ಲಿ, ಯಾರೂ ಇಲ್ಲದೆ. ಆಮೇಲೆ ಕೇಳಿದಳು, ಅವನು ಅಂಗಸಜ್ಜನ ತಾಯಿ ಮೋರಳನ್ನು ಮದುವೆ ಆಗಿದ್ದನಂತೆಯೋ ಎಂದು.

"ಆಗಿದ್ದಿರಬಹುದು ಅಂತ ಬರೆದಿದಾರೆ ಅತ್ತೆ. ಆಗಿರಲಿಲ್ಲ ಅನ್ನೋರು ಈಗ ಯಾರಿದಾರೆ ಹೇಳು?"

ನಾನಿದ್ದೀನಲ್ಲ ಎಂದು ಅವಳು ಅನ್ನಲಿಲ್ಲ. ಅವನಿಗೆ ಇನ್ನೊಂದು ಲೋಟ ಟೀ ಬಗ್ಗಿಸಿದಳು. ಅವನು ಹೋದ ಮೇಲೆ ಒಲೆಯ ಮುಂದೆ ನಿಂತು ನಾನಿದ್ದೀನಲ್ಲ ಅಂದಳು, ಗಟ್ಟಿಯಾಗಿ, ಬೆಕ್ಕು ತಲೆಯೆತ್ತಿ ನೋಡುವಷ್ಟು ಗಟ್ಟಿಯಾಗಿ. ಎಪ್ಪತ್ತಾರು ವರ್ಷದ ಹೆಂಗಸು ಬೆಕ್ಕಿಗೆ ಧೈರ್ಯ ತೋರಿಸುತ್ತಿದ್ದಾಳೆ ಎಂದು ನಾಚಿಕೆಯಾಯಿತು. ಆ ನಾಚಿಕೆ ಎರಡು ದಿನವಾದರೂ ಹೋಗಿರಲಿಲ್ಲ. ಬಾಯಿ ತೊಳೆದರೂ ಹೋಗದ ಉಪ್ಪುಮೀನಿನ ರುಚಿಯ ಹಾಗೆ ಇತ್ತು.

ಅಜ್ಜ ಇದೇ ಒಲೆಯ ಪಕ್ಕ ಕೂರುತ್ತಿದ್ದ. ಕೊನೆಗಾಲದಲ್ಲಿ ಕಣ್ಣು ಪೂರ್ತಿ ಹೋಗಿತ್ತು. ಎಫೀಯ ಕೈಯನ್ನು ತನ್ನ ತೊಡೆಯ ಮೇಲೆ ಇರಿಸಿಕೊಂಡು ಒಂದೊಂದು ಬೆರಳಿಗೆ ಒಂದೊಂದು ಹೆಸರು ಹೇಳಿಕೊಡುತ್ತಿದ್ದ. ಮರ್ಡೋಗೆ ಮುಂದೆ ಹುಟ್ಟುವ ಮಗನಿಗೆಂದು ಕಿರುಬೆರಳು ಬಿಟ್ಟು, ಪಕ್ಕದ್ದರಿಂದ ಶುರು. ಹೆಬ್ಬೆರಳಿಗೆ ಬಂದಾಗ ಅಂಗಸ್ ಮೋರಳ ಮಗ ಎಂದು ಅದುಮಿ ಹಿಡಿಯುತ್ತಿದ್ದ, ನೋಯುವ ಹಾಗೆ. ಅವಳು ಕೇಳಿದ್ದಳು, ಎಲ್ಲರದ್ದೂ ಇನ್ನೂ ಉದ್ದ ಹೋಗುತ್ತೆ, ಕೆಲವರದ್ದು ಎರಡು ಕೈ ಮುಗಿದರೂ ಮುಗಿಯೋದಿಲ್ಲ, ನಮ್ಮದು ಯಾಕೆ ಒಂದೇ ಕೈಗೆ ನಿಲ್ಲುತ್ತೆ. "ಆಚೆಗೆ ಯಾರೂ ಇಲ್ಲ ಅಂತಲ್ಲ ಮಗಳೇ," ಎಂದಿದ್ದ ಅಜ್ಜ. "ಆಚೆಗೆ ಹೋಗೋಕೆ ಅವಳು ಬಿಡಲಿಲ್ಲ." ದ್ವೀಪದಲ್ಲಿ ಮೋರ್ ಒಡೆಯರ ಮನೆಯ ಹಾಲಿನ ಕೋಣೆಯಲ್ಲಿ ಕೆಲಸಕ್ಕಿದ್ದಳು. ಹೊಟ್ಟೆ ಕಾಣಿಸಿಕೊಂಡಾಗ ಚರ್ಚಿನ ಹಿರಿಯರು ಕರೆಸಿದರು. ಪಾಪ ಮಾಡಿದವರಿಗೆಂದು ಚರ್ಚಿನಲ್ಲಿ ಮೋಟುಕಾಲಿನ ಒಂದು ಪೀಠ ಇರುತ್ತಿತ್ತು, ಉಪದೇಶದ ಕಟ್ಟೆಯ ಕೆಳಗೆ, ಎಲ್ಲರಿಗೂ ಕಾಣುವ ಹಾಗೆ. ಮೂರು ಭಾನುವಾರ ಅವಳನ್ನು ಅದರ ಮೇಲೆ ಕೂರಿಸಿದರು. ಮೂರು ಭಾನುವಾರವೂ ಪಾದ್ರಿ ಕಟ್ಟೆಯ ಮೇಲಿಂದ ಬಗ್ಗಿ ಒಂದೇ ಮಾತು ಕೇಳಿದ, ಹುಟ್ಟುವ ಮಗುವಿನ ತಂದೆ ಯಾರು. ಹೆಸರು ಹೇಳಿದರೆ ಕ್ಷಮೆ ಇತ್ತು, ಮಗುವಿಗೆ ದೀಕ್ಷಾಸ್ನಾನ ಇತ್ತು, ಗುಡಿಸಲು ಉಳಿಯುತ್ತಿತ್ತು. ಅವಳು ಬಾಯಿ ಬಿಡಲಿಲ್ಲ. ಭಯಕ್ಕೋ, ಹಟಕ್ಕೋ, ಪ್ರೀತಿಗೋ, ಅಸಹ್ಯಕ್ಕೋ ಅಜ್ಜನಿಗೂ ತಿಳಿದಿರಲಿಲ್ಲ. ಅವನು ಕೇಳಿದ್ದನಂತೆ, ದೊಡ್ಡವನಾದ ಮೇಲೆ, ಒಂದೇ ಒಂದು ಸಲ. ಅವಳು ಕೈಲಿದ್ದ ಕಬ್ಬಿಣದ ಸೌಟಿನಿಂದ ಬಾರಿಸಿದ್ದಳಂತೆ. ಗುಡಿಸಲಿನ ಸೂರಿಗೆ ಒಡೆಯರ ಆಳುಗಳು ಬೆಂಕಿ ಇಟ್ಟ ಮೇಲೆ ಬೆನ್ನಿಗೆ ಮಗು ಕಟ್ಟಿಕೊಂಡು, ಸೊಂಟದ ಮೇಲೆ ಒಂದು ಕಬ್ಬಿಣದ ಗಡಿಗೆ ಇಟ್ಟುಕೊಂಡು ಹಡಗು ಹತ್ತಿದಳು. ಆ ಗಡಿಗೆ ಈಗ ಬಾಗಿಲ ಹೊರಗಿದೆ. ಲಾಕ್ಲನ್ನನ ಹೆಂಡತಿ ಅದಕ್ಕೆ ಕಪ್ಪು ಬಣ್ಣ ಬಳಿಸಿ ಹೂವಿನ ಗಿಡ ಹಾಕಿಸಿದ್ದಾಳೆ.

ಮರ್ಡೋ ಮೊದಲ ಚುನಾವಣೆಯಲ್ಲೇ ಮೋರಳನ್ನು ವೇದಿಕೆಗೆ ಎಳೆದಿದ್ದ. ಬೆನ್ನ ಮೇಲೆ ಕೂಸು ಹೊತ್ತು ಸಾಗರ ದಾಟಿದ ನನ್ನ ಮುತ್ತಜ್ಜಿ, ಬಡ ವಿಧವೆ, ಎಂದು ಅವನು ಗೇಲಿಕ್‌ನಲ್ಲಿ ಗದ್ಗದವಾಗಿ ಹೇಳಿದಾಗ ಹೆಂಗಸರು ಕಣ್ಣೊರೆಸಿಕೊಂಡರು. ಗಂಡನೇ ಇಲ್ಲದವಳು ಅವತ್ತು ವಿಧವೆಯಾದಳು. ಎಫೀ ಸಭೆಯ ಹಿಂದೆ ಟೀ ಬಗ್ಗಿಸುತ್ತಿದ್ದಳು. ವಿಧವೆ ಎಂಬ ಮಾತು ಕೇಳಿದಾಗ ಬಿಸಿ ಟೀ ಅವಳ ಮಣಿಕಟ್ಟಿನ ಮೇಲೆ ಚೆಲ್ಲಿತ್ತು, ಅದರ ಕಲೆ ಸ್ವಲ್ಪ ದಿನ ಇತ್ತು, ಆಮೇಲೆ ಹೋಯಿತು. ಅಪ್ಪ ಮೋರಳನ್ನು ವಿಧವೆ ಮಾಡಿದ, ಮಗ ಈಗ ಅವಳನ್ನು ಒರೆಸಿಯೇ ಹಾಕುತ್ತಿದ್ದಾನೆ. ಒಬ್ಬೊಬ್ಬರೂ ತಮಗೆ ಎಷ್ಟು ಬೇಕೋ ಅಷ್ಟೇ ಬದಲಿಸಿದರು. ಒಂದೇ ಸಲಕ್ಕೆ ಮಾಡಿದ್ದರೆ ಗೊತ್ತಾಗುತ್ತಿತ್ತು.

ಹೊರಗೆ ಕೆಮ್ಮಿದ ಸದ್ದಾಯಿತು. ಕೆಂಪು ಸ್ಯಾಂಡಿ ಬಾಗಿಲಲ್ಲಿ ನಿಂತಿದ್ದ, ಕೆಂಪು ಕೂದಲು ಎಂದೋ ಬೆಳ್ಳಗಾದರೂ ಹೆಸರು ಹಾಗೇ ಉಳಿದವನು. ಚಿಕ್ಕಂದಿನಲ್ಲಿ ಎಫೀ ಜೊತೆ ಒಂದೇ ಬೆಂಚಿನಲ್ಲಿ ಕೂತವನು. ಆ ಮನೆಯವರು ತಲೆತಲಾಂತರದಿಂದ ನೀಲಿ ಪಕ್ಷದವರು.

"ಏನೇ ಎಫೀ, ಇನ್ನೂ ಏಪ್ರನ್‌ನಲ್ಲೇ ಇದ್ದೀಯ. ದೊರೆ ಬಂದು ಕೈ ಕುಲುಕೋವಾಗ ಹಿಟ್ಟು ಮೆತ್ತಬೇಕು ಅಂತಲಾ?"

ಅವಳು ರೊಟ್ಟಿಗಳನ್ನು ಒಂದು ಬಟ್ಟೆಯಲ್ಲಿ ಕಟ್ಟಿ ಅವನ ಮುಂದಿಟ್ಟಳು. ಮಕ್‌ಕುಯಿಷರ ಮನೆಯ ರೊಟ್ಟಿ ತಿಂದರೆ ನೀಲಿಯವನ ಹೊಟ್ಟೆ ಕೆಡೋದಿಲ್ಲ ತಾನೇ ಎಂದಳು. ಮೊದಲೇ ಕೆಟ್ಟಿದೆ, ಇನ್ನೇನು ಕೆಡೋದು ಎಂದ ಅವನು. ಕಲ್ಲುಗುಪ್ಪೆಗೆ ಹಾಕಿದ ಕಲ್ಲುಗಳಲ್ಲಿ ಅರ್ಧ ತನ್ನ ಹೊಲದ ಗೋಡೆಯದ್ದು, ರಸ್ತೆಯ ಮೇಸ್ತ್ರಿ ಬಂದು ಕೇಳದೆ ಹೊತ್ತುಕೊಂಡು ಹೋದ, ನೋಡಕ್ಕಾದ್ರೂ ಬರ್ತೀನಿ ನನ್ನ ಕಲ್ಲುಗಳನ್ನ ಎಂದ. ನಗುತ್ತಲೇ ಹೇಳಿದ. ಹೊರಡುವಾಗ ಮಾತ್ರ ಹೊಸ್ತಿಲಲ್ಲಿ ನಿಂತು, ಬೆನ್ನು ಹಾಕಿಕೊಂಡೇ ಕೇಳಿದ.

"ಯಾರ ಮಗ ಅಂತ ಹೇಳ್ತೀಯ ಅಂಗಸಜ್ಜನ್ನ?"

"ಯಾಕೆ?"

"ಊರಿಗೆಲ್ಲ ಕ್ಯಾಪ್ಟನ್ ಬಂದಿದಾನೆ. ನಿಮ್ಮ ಮನೆಗೂ ಬಂದ್ನಾ ಅಂತ ಕೇಳಿದೆ."

ಉತ್ತರಕ್ಕೆ ಅವನು ಕಾಯಲಿಲ್ಲ. ರೊಟ್ಟಿಯ ಗಂಟು ಕಂಕುಳಲ್ಲಿ ಇಟ್ಟುಕೊಂಡು ಇಳಿಜಾರಿನಲ್ಲಿ ಹೋಗುತ್ತಿದ್ದವನ ಬೆನ್ನು ನೋಡುತ್ತ ಅವಳಿಗೆ ಹಳೆಯ ಒಂದು ದಿನ ನೆನಪಾಯಿತು. ಕೆಂಪಿನವರು ಗೆದ್ದರೆ ರಸ್ತೆಯ ಕೆಲಸ ಕೆಂಪಿನವರಿಗೆ, ನೀಲಿಯವರು ಗೆದ್ದರೆ ನೀಲಿಯವರಿಗೆ. ಮೇಸ್ತ್ರಿಯಿಂದ ಹಿಡಿದು ಸಲಿಕೆ ಹಿಡಿಯುವವನವರೆಗೂ ಬದಲಾಗುತ್ತಿದ್ದರು, ಅದನ್ನು ಯಾರೂ ಅನ್ಯಾಯ ಎಂದು ಕರೆಯುತ್ತಿರಲಿಲ್ಲ, ಹಿಮ ಬಿದ್ದ ಹಾಗೆ ಅದೂ ಬೀಳುತ್ತಿತ್ತು. ಗೆದ್ದ ಮಾರನೆಯ ದಿನ ಮರ್ಡೋ ಈ ಮೇಜಿನ ಮುಂದೆಯೇ ಕೂತು ಕೂಗುತ್ತಿದ್ದ, ಎಫೀ, ಕೊಲ್ಲಿಯ ತುದಿಯ ಆ ಹುಡುಗ ಯಾರ ಪೈಕಿ? ಅವಳು ಪಾತ್ರೆ ತೊಳೆಯುತ್ತ ಹೇಳುತ್ತಿದ್ದಳು, ಅವನು ಇಂಥವನ ಮಗ, ಅವನ ತಾಯಿ ಇಂಥವಳ ತಂಗಿ, ಆ ಕಡೆಯವರೆಲ್ಲ ನೀಲಿ. ಅಜ್ಜ ಬೆರಳು ಅದುಮಿ ಕಲಿಸಿದ್ದು ಹೀಗೆ ಕೆಲಸಕ್ಕೆ ಬರುತ್ತಿತ್ತು. ಬಾಯಿಪಾಠ ಒಪ್ಪಿಸುವ ಹುಡುಗಿಯ ಹಾಗೆ ಹೆಮ್ಮೆಯಿಂದ ಒಪ್ಪಿಸುತ್ತಿದ್ದಳು. ಸ್ಯಾಂಡಿಯ ಹೆಸರು ಬಂದ ದಿನ ಕೂಡ ಪಾತ್ರೆ ತೊಳೆಯುತ್ತಿದ್ದಳು. ಅವನ ಹೆಂಡತಿಗೆ ಆಗ ಎದೆರೋಗ. ನೀಲಿ ಎಂದಳು ಎಫೀ, ಕೇಳಿದ್ದಕ್ಕೆ ಉತ್ತರ ಅಷ್ಟೇ ಎಂಬ ಹಾಗೆ, ತಟ್ಟೆಯ ಹಿಂಬದಿಯನ್ನು ಒರೆಸುತ್ತ. ರಸ್ತೆಯಲ್ಲಿ ಅವನ ಸಲಿಕೆ ಇನ್ನೊಬ್ಬನ ಕೈಗೆ ಹೋಯಿತು. ಹೆಸರು ಹೇಳಬಾರದ ಕಡೆ ಮೋರ್ ಹೇಳಲಿಲ್ಲ. ಇವಳು ಹೇಳಿದಳು. ಈ ಮನೆಯ ಮೇಲಿನ ಸಿಟ್ಟಿನಲ್ಲಿ ಎಷ್ಟು ಪಾಲು ತನ್ನ ಮೇಲಿನದು ಎಂದು ಅವಳು ಬಿಡಿಸಿ ನೋಡಿರಲಿಲ್ಲ. ನೋಡಲು ಹೋದರೆ ಎರಡೂ ಒಂದೇ ನೂಲಿನಲ್ಲಿ ಹೆಣೆದುಕೊಂಡು ಬರುತ್ತಿದ್ದವು.

ಲಾಕ್ಲನ್ ಮೊಣಕಾಲುದ್ದದ ಚೌಕಳಿ ಲಂಗ, ಕಿಲ್ಟ್, ಉಟ್ಟುಕೊಂಡು ಬಂದ. ಬಿಳಿಯ ಮೊಣಕಾಲು, ಅವನ ಅಪ್ಪನ ಮೊಣಕಾಲೇ. ಶಲ್ಯವನ್ನು ತಾನೇ ಅವಳ ಹೆಗಲಿಗೆ ಹಾಕಿ ಬೆಳ್ಳಿಯ ಪಿನ್ನು ಚುಚ್ಚಿದ. ಪಿನ್ನಿನ ಮೊನೆ ಒಳಗಿನ ಬಟ್ಟೆ ದಾಟಿ ಚರ್ಮಕ್ಕೆ ತಾಗಿತು. ಕಾರಿನಲ್ಲಿ ಅವನು ತುಂಬ ಮಾತಾಡಿದ. ಪತ್ರಿಕೆಯವರು ಬಂದಿದ್ದಾರೆ, ಹ್ಯಾಲಿಫ್ಯಾಕ್ಸಿನಿಂದ, ಟೊರಾಂಟೋದಿಂದ ಕೂಡ. ಮನೆಯ ಸೂರು ಸೋರುತ್ತಿದೆ, ಗೆದ್ದ ಮೇಲೆ ಹಾಕಿಸುತ್ತೇನೆ. ಇಲ್ಲದಿದ್ದರೆ ಪೇಟೆಯಲ್ಲಿ ಹಿರಿಯರಿಗೆಂದು ಹೊಸ ಮನೆ ಕಟ್ಟಿದ್ದಾರೆ, ಬಿಸಿನೀರು, ಹೊತ್ತುಹೊತ್ತಿಗೆ ಊಟ, ನರ್ಸುಗಳು, ನಿನಗೂ ಒಂಟಿ ಅನಿಸುತ್ತಲ್ಲವೇ ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಅವನ ಒಳ್ಳೆಯ ಮನಸ್ಸೇ ಅವಳನ್ನು ಹೆಚ್ಚು ಉರಿಸಿತು. ಬೆದರಿಸಿದ್ದರೆ ಬೈಯಬಹುದಿತ್ತು. ಕಾರಿನ ಕಿಟಕಿಯ ಹೊರಗೆ ಸರೋವರ ತನ್ನ ಪಾಡಿಗೆ ಹೊಳೆಯುತ್ತಿತ್ತು. ಯಾರೋ ಒಬ್ಬರು ದೋಣಿಗೆ ಟಾರು ಬಳಿಯುತ್ತಿದ್ದರು, ಆ ವಾಸನೆ ಒಳಗೆ ಬಂತು, ಆ ವಾಸನೆಯ ಜೊತೆಗೆ ಅಪ್ಪ, ಅಪ್ಪನ ಜೊತೆಗೆ ಚಳಿ.

"ಅತ್ತೆ," ಎಂದ ಅವನು ಚರ್ಚು ಕಾಣಿಸಿದಾಗ, ದನಿ ತಗ್ಗಿಸಿ. "ಒಂದು ಹೆಸರು. ಸತ್ತು ನೂರು ವರ್ಷ ಆದವಳಿಗೆ ಏನು ವ್ಯತ್ಯಾಸ ಆಗುತ್ತೆ ಹೇಳು. ನನಗೆ ಆಗುತ್ತೆ."

ಅವಳು ಶಲ್ಯದ ಪಿನ್ನನ್ನು ಮುಟ್ಟಿ ನೋಡಿಕೊಂಡಳು.

ಹುಲ್ಲಿನ ಮೇಲೆ ಕುರ್ಚಿಗಳು, ಮುಂದಿನ ಸಾಲುಗಳಲ್ಲಿ ಪೇಟೆಯವರು, ಟೋಪಿಗಳು, ಕ್ಯಾಮೆರಾಗಳು. ಹಿಂದೆ ಚರ್ಚಿನ ಬೆಂಚುಗಳನ್ನು ಹೊರಗೆ ತಂದು ಹಾಕಿದ್ದರು, ಊರಿನವರು ಅದರ ಮೇಲೆ. ಗೇಲಿಕ್ ಬಲ್ಲವರು ಎಂದರೆ ಆ ಬೆಂಚುಗಳ ಮೇಲಿನ ಐದಾರು ಮುದಿ ತಲೆಗಳು. ಸ್ಯಾಂಡಿ ಕೊನೆಯಲ್ಲಿ ಕೂತಿದ್ದ. ಎಫೀಯನ್ನು ವೇದಿಕೆಯ ಮೇಲೆ, ಸರ್ ಹೆಕ್ಟರನ ಪಕ್ಕಕ್ಕೇ ಕೂರಿಸಿದರು. ಅವಳು ಅವನನ್ನು ದ್ವೇಷಿಸಲು ವಾರದಿಂದ ತಯಾರಾಗಿದ್ದಳು. ಬೂಟುಗಳ, ಚಾಟಿಯ, ಬೇಟೆನಾಯಿಗಳ ಒಬ್ಬನನ್ನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದಳು. ಪಕ್ಕದಲ್ಲಿದ್ದವನು ನೆಗಡಿಯಾದ ಒಬ್ಬ ಮುದುಕ. ಮೂಗಿನ ಮೇಲಿನ ಚರ್ಮ ಬಿಸಿಲಿಗೆ ಸುಲಿದಿತ್ತು, ಕರವಸ್ತ್ರ ಕೈಯಲ್ಲೇ ಇತ್ತು. ನಿಮ್ಮ ಊರು ನಮ್ಮ ದ್ವೀಪದ ಹಾಗೇ ಇದೆ ಅಮ್ಮ, ಬರೀ ಮರಗಳು ಜಾಸ್ತಿ ಎಂದ. ಅಲ್ಲಿ ಈಗ ಜನ ಎಷ್ಟಿದ್ದಾರೆ ಎಂದು ಕೇಳಿದಳು. ಅವನು ಮೂಗು ಒರೆಸಿಕೊಂಡ. ಜನ ಇಲ್ಲ, ಕುರಿಗಳಿವೆ ಎಂದ. ಅದರಲ್ಲಿ ತಮಾಷೆ ಇರಲಿಲ್ಲ. ಅವಳು ಸಿಟ್ಟನ್ನು ಎಲ್ಲಿ ಇಡಬೇಕೆಂದು ತಿಳಿಯದೆ, ಕೈಯಲ್ಲಿ ಬಿಸಿ ಪಾತ್ರೆ ಹಿಡಿದು ಇಡುವ ಜಾಗ ಹುಡುಕುವವಳ ಹಾಗೆ ಕೂತಿದ್ದಳು.

ಬ್ಯಾಗ್‌ಪೈಪ್ ಊದಿದರು. ಸರ್ ಹೆಕ್ಟರ್ ಹಗ್ಗ ಎಳೆದ, ಪರದೆ ಒಂದು ಕಲ್ಲಿನ ಮೂಲೆಗೆ ಸಿಕ್ಕಿಕೊಂಡಿತು, ಯಾರೋ ಓಡಿ ಬಂದು ಬಿಡಿಸಿದರು. ಸ್ಯಾಂಡಿಯ ಗೋಡೆಯ ಕಲ್ಲುಗಳು. ಬಿಸಿಲಿಗೆ ಕಂಚು ಕಣ್ಣು ಕುಕ್ಕಿತು. ಮೇಲ್ಗಡೆ ದೊಡ್ಡ ಅಕ್ಷರಗಳಲ್ಲಿ ಕ್ಯಾಪ್ಟನ್, ಅವಳಿಗೆ ಅಷ್ಟು ಓದಲು ಬರುತ್ತಿತ್ತು. ಕೆಳಗೆ ಅಂಗಸ್, ಅಲಸ್ಡೇರ್, ಮರ್ಡೋ, ಸಣ್ಣಗೆ ಲಾಕ್ಲನ್. ಕಲ್ಲಿನಲ್ಲೂ ಕಂಚಿನಲ್ಲೂ ಮೋರ್ ಇರಲಿಲ್ಲ. ಒಂದು ಗಳಿಗೆ ಎಫೀಗೆ ತಾನೇ ತಪ್ಪು ತಿಳಿದಿದ್ದೇನೇನೋ ಎನಿಸಿತು. ಕಂಚಿನಲ್ಲಿ ಬರೆದಿದ್ದಾರೆ, ಓದಿದವರು ಬರೆದಿದ್ದಾರೆ, ಒಡೆಯನೇ ಬಂದಿದ್ದಾನೆ. ಅಜ್ಜ ಕುರುಡ, ಹಳೆಯ ಮನುಷ್ಯ, ಕತೆ ಕಟ್ಟಿದ್ದರೂ ಕಟ್ಟಿದ್ದನೇ. ಇಷ್ಟು ಸುಲಭವೇ? ಒಂದು ಹಲಗೆ, ಐದು ಸಾಲು, ಎಪ್ಪತ್ತು ವರ್ಷ ಹೆಬ್ಬೆರಳಿನಲ್ಲಿ ಇದ್ದದ್ದು ಒಂದು ಉಸಿರಿನಲ್ಲಿ ಸಡಿಲವಾಗುವುದು?

ಒಂಟೇರಿಯೋದಿಂದ ಬಂದ ಹೊಸ ಪಾದ್ರಿ, ಎಳೆಯವನು, ಮೈಕು ಹಿಡಿದು ಅವಳನ್ನು ಕರೆದ. ಅವಳು ಎದ್ದಳು. ಗೇಲಿಕ್‌ನಲ್ಲಿ ಹೇಳಿದಳು, ಅಜ್ಜ ಹೇಳಿಕೊಟ್ಟ ರಾಗದಲ್ಲೇ, ಪ್ರತಿ ಹೆಸರಿಗೆ ಒಂದು ಬೆರಳು ಮಡಿಸಿ. ಹೆಬ್ಬೆರಳು ಬಂತು. ಅಂಗಸ್ ಮೋರಳ ಮಗ ಎಂದಳು. ದನಿ ನಡುಗಲಿಲ್ಲ. ಹೇಳಿಬಿಟ್ಟೆ ಎನಿಸಿತು. ಇನ್ನೇನು ಆಗಬೇಕೋ ಆಗಲಿ ಎಂದು ಕಾದಳು.

ಚಪ್ಪಾಳೆ. ಮುಂದಿನ ಸಾಲಿನವರು ನಗುನಗುತ್ತ ಕೈ ತಟ್ಟಿದರು. ಒಬ್ಬಳು ಪಕ್ಕದವಳಿಗೆ ಎಷ್ಟು ಇಂಪಾಗಿದೆ ಅಲ್ವಾ ಎಂದಳು. ಕ್ಯಾಮೆರಾಗಳು ಮಿಂಚಿದವು. ಲಾಕ್ಲನ್ ಕೂಡ ತಟ್ಟುತ್ತಿದ್ದ, ಅವನ ಮುಖದಲ್ಲಿ ನೆಮ್ಮದಿ ಇತ್ತು. ಅವನಿಗೆ ಗೇಲಿಕ್‌ನಲ್ಲಿ ಕುಡಿಯುವ ಮೊದಲು ಹೇಳುವ ಎರಡು ಮಾತು ಬಿಟ್ಟು ಬೇರೆ ಬರುತ್ತಿರಲಿಲ್ಲ, ಅಪ್ಪ ಅವನಿಗೆ ಕಲಿಸಿರಲಿಲ್ಲ, ಮುಂದೆ ಬರುವ ಹುಡುಗನಿಗೆ ಅದು ಯಾಕೆ ಎಂದು. ಸರ್ ಹೆಕ್ಟರ್ ತಲೆದೂಗುತ್ತಿದ್ದ. ಅವನಿಗೂ ಬರುತ್ತಿರಲಿಲ್ಲ, ಒಡೆಯರಿಗೆ ಎಂದೂ ಬರುತ್ತಿರಲಿಲ್ಲ. ಹಿಂದಿನ ಬೆಂಚುಗಳಲ್ಲಿ ಮಾತ್ರ ಯಾರೂ ತಟ್ಟಲಿಲ್ಲ. ಐದಾರು ಮುದಿ ಮುಖಗಳು ಅವಳನ್ನೇ ನೋಡುತ್ತಿದ್ದವು. ಸ್ಯಾಂಡಿ ಟೋಪಿ ತೆಗೆದು ಮೊಣಕಾಲಿನ ಮೇಲೆ ಇಟ್ಟುಕೊಂಡಿದ್ದ.

ಆಮೇಲೆ ಲಾಕ್ಲನ್ ಎದ್ದು, ನನ್ನ ಅತ್ತೆ ಹೇಳಿದ್ದನ್ನು ನಿಮಗೆಲ್ಲ ತಿಳಿಯುವ ಭಾಷೆಯಲ್ಲಿ ಹೇಳುತ್ತೇನೆ ಎಂದು ಹಾಳೆ ಬಿಡಿಸಿದ. ತನ್ನ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು. ಅವನ ದನಿ ಚೆನ್ನಾಗಿತ್ತು, ಮರ್ಡೋನ ದನಿ. ಅಂಗಸ್, ಕ್ಯಾಪ್ಟನ್ ಡೊನಾಲ್ಡನ ಮಗ ಎಂದ. ಮತ್ತೆ ಚಪ್ಪಾಳೆ, ಈ ಸಲ ಇನ್ನೂ ಜೋರು. ಅವಳ ಬಾಯಿಂದ ಬಂದ ಮಾತು ಎಂದು ಹೇಳಿ, ಅವಳ ಎದುರಿಗೇ. ಅವಳು ಹೇಳಲಿಲ್ಲ ಎಂದಲ್ಲ, ಹೇಳಿದ್ದು ಎಲ್ಲೂ ಬೀಳಲಿಲ್ಲ. ನೀರಿನಲ್ಲಿ ಹಾಕಿದ ಕಲ್ಲಿಗಾದರೂ ಸದ್ದಿರುತ್ತದೆ. ಎಫೀಗೆ ಆಗ ಒಳಗೆ ಎಲ್ಲ ಒಂದು ಸಲ ಸುಮ್ಮನಾದ ಹಾಗಾಯಿತು. ಮೊಣಕಾಲಿನ ಸಿಟ್ಟು, ಒಲೆಯ ಸಿಟ್ಟು, ಅರ್ಧ ಮುಖದ ಪಟದ್ದು, ತಟ್ಟೆಯ ಹಿಂಬದಿಯದ್ದು, ಎಲ್ಲ ಒಂದೇ ಜಾಗಕ್ಕೆ ಬಂದು ಕೂತವು, ಕೊನೆಗೂ ಇಡುವ ಜಾಗ ಸಿಕ್ಕಿತು ಎಂಬಂತೆ. ಅವಳು ಎದ್ದಳು. ಯಾರೂ ಕರೆದಿರಲಿಲ್ಲ. ಲಾಕ್ಲನ್ ನೀರು ಬೇಕೇನೋ ಎಂದು ಲೋಟ ಚಾಚಿದ.

"ನಾನು ಅದನ್ನ ಹೇಳಲಿಲ್ಲ," ಎಂದಳು. ಇಂಗ್ಲಿಷಿನಲ್ಲಿ. ಅಡುಗೆಮನೆಯ ಇಂಗ್ಲಿಷು, ಒರಟಾದದ್ದು. ಮೈಕು ಅದನ್ನು ಸರೋವರದವರೆಗೂ ಕೊಂಡೊಯ್ದಿತು. "ನಾನು ಹೇಳಿದ್ದು ಅಂಗಸ್ ಮೋರಳ ಮಗ ಅಂತ. ಕ್ಯಾಪ್ಟನ್ ಯಾರೂ ಇಲ್ಲ. ಅವಳು ವಿಧವೆಯೂ ಅಲ್ಲ. ಈ ಒಡೆಯರ ಮನೆಯಲ್ಲಿ ಹಾಲಿನ ಕೆಲಸ ಮಾಡ್ತಿದ್ದಳು, ಇವರ ಆಳುಗಳು ಅವಳ ಸೂರು ಸುಟ್ಟರು. ನಾವು ಅವಳ ಕಡೆಯವರು. ಬೇರೆ ಯಾರ ಕಡೆಯವರೂ ಅಲ್ಲ."

ಮುಂದಿನ ಸಾಲುಗಳಲ್ಲಿ ಟೋಪಿಗಳು ಅಲುಗಿದವು. ಲಾಕ್ಲನ್ ಅತ್ತೆ ಎಂದ, ಬರೀ ತುಟಿಯಲ್ಲಿ. ಅವನ ಕಿವಿಗಳು ಕೆಂಪಾಗಿದ್ದವು, ಚಿಕ್ಕವನಿದ್ದಾಗ ಸುಳ್ಳು ಸಿಕ್ಕಿಬಿದ್ದರೆ ಆಗುತ್ತಿದ್ದ ಹಾಗೆ, ಅವಳಿಗೆ ಅದನ್ನು ನೋಡಿ ನೋವೂ ಆಯಿತು, ನೋವಾದರೂ ಕೂರಲು ಮನಸ್ಸಾಗಲಿಲ್ಲ. ಸರ್ ಹೆಕ್ಟರ್ ಕರವಸ್ತ್ರವನ್ನು ಮಡಿಸುತ್ತಿದ್ದ, ಮಡಿಸಿದ್ದನ್ನೇ ಮತ್ತೆ ಮಡಿಸುತ್ತಿದ್ದ. ಪತ್ರಿಕೆಯವರು ಬರೆದುಕೊಳ್ಳುತ್ತಿದ್ದರು. ಎಳೆಯ ಪಾದ್ರಿಗೆ ಹೇಗಾದರೂ ಮಾಡಿ ಇದನ್ನು ಸರಿಪಡಿಸಬೇಕೆನಿಸಿತು. ಅವನಿಗೆ ಈ ಊರಿನ ಹಿಂದಿನದು ಏನೂ ತಿಳಿಯದು, ಪೀಠ ತಿಳಿಯದು. ಅವನು ಮೈಕಿನ ಕಟ್ಟೆಯಿಂದ ಅವಳ ಕಡೆಗೆ ಬಗ್ಗಿ, ತುಂಬ ಮೃದುವಾಗಿ ಕೇಳಿದ.

"ಹಾಗಾದ್ರೆ ಮಗುವಿನ ತಂದೆ ಯಾರು, ಎಫೀ ಅಮ್ಮ?"

ಹಿಂದಿನ ಬೆಂಚಿನಲ್ಲಿ ಯಾರೋ ಉಸಿರೆಳೆದುಕೊಂಡರು. ಅವಳು ಸ್ಯಾಂಡಿಯ ಕಡೆ ನೋಡಿದಳು, ಅವನು ಅವಳ ಕಡೆ ನೋಡುತ್ತಿದ್ದ. ಅವಳ ಹೆಬ್ಬೆರಳನ್ನು ಯಾರೋ ಅದುಮಿ ಹಿಡಿದಿದ್ದರು, ನೋಯುವ ಹಾಗೆ.

"ಅವಳನ್ನೂ ಹೀಗೇ ಕೇಳಿದ್ರು," ಎಂದಳು ಎಫೀ. "ಹೇಳಲಿಲ್ಲ."

ಪಾದ್ರಿ ಕುರ್ಚಿ ತೋರಿಸಿದ, ಕೂತುಕೊಳ್ಳಿ ಎಂದು. ಅವಳ ಹಿಂದೆಯೇ ಇತ್ತು ಕುರ್ಚಿ, ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದರು. ಮೋರ್ ಮೂರು ಭಾನುವಾರ ಹೀಗೇ ಪೀಠದ ಮೇಲೆ ಕೂತಿದ್ದಳು. ಎಫೀ ಶಲ್ಯದ ಪಿನ್ನು ಬಿಚ್ಚಿದಳು, ಶಲ್ಯವನ್ನು ಆ ಕುರ್ಚಿಯ ಮೇಲೆ ಇಟ್ಟಳು, ನಿಂತೇ ಇದ್ದಳು.